ಹಾಲು ಬಂದವಳು, ಹಾಲು ಬಾರದವಳು

ನಮ್ಮ ಬೀದಿಯ ಇಬ್ಬರು ಹುಡುಗಿಯರು ಈ ವರ್ಷ ನರ್ಸಿಂಗ್ ಸೇರಿದ್ದಾರೆ. ಮೊನ್ನೆ ಸಂಜೆ ಬಂದು ಕೂತು, ‘ಮೇಡಂ, ನಮ್ಮನ್ನ ಮಾನಸಿಕ ರೋಗಿಗಳ ವಾರ್ಡಿಗೆ ಹಾಕಿದಾರೆ, ಭಯ ಆಗುತ್ತೆ. ನಿಮ್ಮ ಕಾಲದಲ್ಲಿ ಹೇಗಿತ್ತು?’ ಎಂದರು. ಅರ್ಧ ಗಂಟೆ ಏನೇನೋ ಹೇಳಿದೆ. ಅವರು ಎದ್ದು ಹೋದ ಮೇಲೆ, ಮುಖ್ಯವಾಗಿ ಹೇಳಬೇಕಾದ್ದನ್ನೇ ಬಿಟ್ಟೆನಲ್ಲ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ಇಬ್ಬರು ಹೆಂಗಸರ ವಿಷಯ ಇದೆ, ಒಬ್ಬ ಡಾಕ್ಟರ ವಿಷಯ ಇದೆ, ಈಗ ನೆನೆದರೂ ಮುಖ ಬಿಸಿಯಾಗುವಂಥ ನನ್ನದೊಂದು ತಪ್ಪಿದೆ. ಆ ಇಬ್ಬರು ಹೆಂಗಸರನ್ನೂ ನಾವು ಉಳಿಸಿಕೊಂಡೆವು. ಅದನ್ನು ಹೇಳಲು ನನಗೆ ಸಂಕೋಚವಿಲ್ಲ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮಧುಗಿರಿಗೆ ಬಂದೆ. ಬೆಟ್ಟದ ಬುಡದಲ್ಲಿ ದಾನಿಯೊಬ್ಬರು ಕಟ್ಟಿಸಿದ ಹದಿನಾರು ಹಾಸಿಗೆಯ ಧರ್ಮಾಸ್ಪತ್ರೆ ಅದು. ಈಗ ಅದಿಲ್ಲ. ನಾನು ಓದಿದ್ದು ಹೆರಿಗೆ ಕೆಲಸ. ಆದರೆ ನರ್ಸ್ ಎಂದು ಇದ್ದವಳು ನಾನೊಬ್ಬಳೇ ಆದ್ದರಿಂದ ಹಾವು ಕಚ್ಚಿದವರಿಂದ ಹಿಡಿದು ಕೈ ಮುರಿದವರ ತನಕ ಎಲ್ಲರೂ ನನ್ನವರೇ. ಡಾಕ್ಟರ್ ನಾಗಭೂಷಣ ಅವರು ನನ್ನ ಮೇಲಿನವರು. ಬಹಳ ಓದುತ್ತಿದ್ದರು, ಬಹಳ ಸಿಟ್ಟಿನ ಮನುಷ್ಯ. ಸಿಟ್ಟು ಬಂದರೆ ಸ್ಟೆತಾಸ್ಕೋಪನ್ನು ಮೇಜಿನ ಮೇಲೆ ಎಸೆಯುವರು. ಸ್ವಲ್ಪ ಹೊತ್ತಿಗೆ ತಾವೇ ಅದನ್ನೆತ್ತಿ ಕಿವಿಗಿಟ್ಟು, ಕೆಟ್ಟಿಲ್ಲ ತಾನೇ ಎಂದು ನೋಡಿಕೊಳ್ಳುವರು.

ಮನಸ್ಸು ಕೆಟ್ಟವರನ್ನು ಆಗ ನಮ್ಮ ಕಡೆ ಎತ್ತಿನ ಗಾಡಿಯಲ್ಲಿ ಹಗ್ಗ ಬಿಗಿದು ತರುತ್ತಿದ್ದರು. ನಮ್ಮಲ್ಲಿದ್ದದ್ದು ಪ್ಯಾರಾಲ್ಡಿಹೈಡ್ ಎಂಬ ಒಂದೇ ಔಷಧ. ಚುಚ್ಚಿದರೆ ರೋಗಿ ಮಲಗಿಬಿಡುತ್ತಿದ್ದ, ವಾರ್ಡೆಲ್ಲ ಎರಡು ದಿನ ನಾರುತ್ತಿತ್ತು. ಎದ್ದ ಮೇಲೆ ಮತ್ತೆ ಅದೇ ಕೂಗು. ಕೊನೆಗೆ ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಕಳಿಸುವುದು. ಹೋದವರಲ್ಲಿ ತಿರುಗಿ ಬಂದವರನ್ನು ನಾನು ಕಂಡದ್ದು ಕಡಿಮೆ.

ಆಮೇಲೆ ಕ್ಲೋರ್‌ಪ್ರೊಮಝಿನ್ ಮಾತ್ರೆ ಬಂತು. ಇಂದಿನ ಹುಡುಗಿಯರಿಗೆ ಅದು ಹಳೇ ಕಾಲದ ಔಷಧ. ನಾವು ಕಂಡದ್ದು ಮಾತ್ರ ಬೇರೆ. ಕಿವಿಯೊಳಗೆ ಯಾರೋ ಬೈಯುತ್ತಾರೆ ಎಂದು ತಲೆ ಗೋಡೆಗೆ ಚಚ್ಚಿಕೊಳ್ಳುತ್ತಿದ್ದವರು ಮೂರನೇ ವಾರಕ್ಕೆ ನನ್ನನ್ನು ಊಟ ಆಯಿತಾ ಎಂದು ಕೇಳುತ್ತಿದ್ದರು. ಹಗ್ಗ ಹೋಯಿತು, ಆ ನಾತ ಹೋಯಿತು.

ಆ ಮಾತ್ರೆ ತೆಗೆದುಕೊಂಡವರಲ್ಲಿ ಸಿರಾದ ಜೈಬುನ್ ಒಬ್ಬಳು. ಹತ್ತೊಂಬತ್ತು ವರ್ಷದ ಹುಡುಗಿ. ಅವಳ ತಂದೆ ಹಯಾತ್ ಸಾಬರು ದರ್ಜಿ. ಅಂಗಡಿಯ ಅಂಗಿಗಳಿಗೆಲ್ಲ ಕಾಜಾ ಹೊಲಿಯುತ್ತಿದ್ದವಳು ಇವಳೇ. ಒಂದು ದಿನ ಹೊಲಿಗೆ ಯಂತ್ರದ ಸದ್ದಿನಲ್ಲಿ ಯಾರೋ ಮಾತಾಡುತ್ತಿದ್ದಾರೆ ಎಂದಳಂತೆ. ಆಮೇಲೆ ರೊಟ್ಟಿಯಲ್ಲಿ ಏನೋ ಬೆರೆಸಿದ್ದಾರೆ ಎಂದು ಊಟ ಬಿಟ್ಟಳು. ಹಯಾತ್ ಸಾಬರು ಅವಳನ್ನು ಕಟ್ಟಿಹಾಕಲಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಕೈ ಹಿಡಿದೇ ಕರೆತಂದರು. ಡಾಕ್ಟರು ಸ್ಕಿಜೋಫ್ರೇನಿಯಾ ಎಂದು ಬರೆದರು, ಮಾತ್ರೆ ಶುರುವಾಯಿತು. ಎರಡು ತಿಂಗಳಿಗೆ ಜೈಬುನ್ ಮತ್ತೆ ಸೂಜಿ ಹಿಡಿದಳು.

ಅದಾಗಿ ನಾಲ್ಕು ತಿಂಗಳಾಗಿರಬೇಕು, ಒಂದು ಬೆಳಿಗ್ಗೆ ಅವಳ ತಾಯಿ ಅವಳನ್ನು ಕರೆದುಕೊಂಡು ಬಂದರು. ಹುಡುಗಿಯನ್ನು ಹೊರಗೆ ಬಿಟ್ಟು, ಒಳಗೆ ಬಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು. ಜೈಬುನ್ ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಸಾಲದ್ದಕ್ಕೆ ಎದೆಯಲ್ಲಿ ಹಾಲು ಬರುತ್ತಿದೆ, ಬಟ್ಟೆ ನೆನೆಯುತ್ತಿದೆ. ಗಲ್ಲಿಯ ಹೆಂಗಸರು ನೋಡಿದ್ದಾರೆ, ಮಾತು ಹಬ್ಬಿದೆ.

ನಾನು ಹೆರಿಗೆ ಮಾಡಿಸುವವಳು. ಮುಟ್ಟು ನಿಂತಿದೆ, ಹಾಲು ಬಂದಿದೆ ಎಂದರೆ ನನಗೆ ಗೊತ್ತಿದ್ದ ಅರ್ಥ ಒಂದೇ. ಹುಡುಗಿಯನ್ನು ಒಳಗೆ ಕರೆದು ಬಾಗಿಲು ಹಾಕಿ, ‘ಯಾರು ಅಂತ ಹೇಳಿಬಿಡು. ಸುಳ್ಳು ಹೇಳಿದರೆ ನಾನು ಏನೂ ಸಹಾಯ ಮಾಡೋಕಾಗಲ್ಲ’ ಎಂದೆ. ಗದರಿಸಿಯೇ ಹೇಳಿದೆ.

ಅವಳು ಅಳಲಿಲ್ಲ. ನನ್ನ ಮುಖ ನೋಡಿ ಹೇಳಿದಳು: ‘ಸಿಸ್ಟರ್, ಮಿಶಿನ್ ಮಾತಾಡ್ತದೆ ಅಂತ ನಾನು ಹೇಳ್ದಾಗ ನೀವು ನಂಬಿದ್ರಿ. ಅದು ಯಾರಿಗೂ ಕೇಳ್ತಿರ್ಲಿಲ್ಲ, ಆದ್ರೂ ನಂಬಿ ದವಾ ಕೊಟ್ರಿ. ಈಗ ಖುದಾ ಕಸಮ್, ಯಾರೂ ಇಲ್ಲ ಅಂತೀನಿ. ಇದ್ಯಾಕೆ ನಂಬಲ್ಲ?’

ನಾನು ಬಾಗಿಲು ತೆರೆದು ಅವಳನ್ನು ತಾಯಿಯ ಜೊತೆ ಮನೆಗೆ ಕಳಿಸಿಬಿಟ್ಟೆ.

ಮಾರನೆಯ ದಿನ ಹಯಾತ್ ಸಾಬರೇ ಬಂದರು. ಜೈಬುನ್ ಮಾತ್ರೆ ಉಗುಳುತ್ತಿದ್ದಾಳೆ, ಯಂತ್ರದ ಹತ್ತಿರ ಕೂರಲು ಮತ್ತೆ ಹೆದರುತ್ತಿದ್ದಾಳೆ ಎಂದರು. ‘ನನ್ ಬೇಟಿ ಸುಳ್ಳು ಹೇಳಲ್ಲ ಸಿಸ್ಟರ್. ಗಲ್ಲಿ ಜನ ಹಜಾರ್ ಮಾತಾಡ್ಲಿ. ನಿಮ್ ಕಿತಾಬ್‌ನಾಗೆ ಸರಿಯಾಗಿ ನೋಡಿ. ಎಲ್ಲೋ ಏನೋ ಬರ್ದಿರ್ತಾರೆ.’

ನಾನು ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಆಗ ಮಾಡಿದೆ. ಜೈಬುನ್‌ಳನ್ನು ಕರೆಸಿ, ಮಲಗಿಸಿ, ಹೊಟ್ಟೆ ಮುಟ್ಟಿ ನೋಡಿದೆ. ನಾಲ್ಕು ತಿಂಗಳ ಬಸುರಿ ಆಗಿದ್ದರೆ ಗರ್ಭಕೋಶ ಕೈಗೆ ಸಿಗಲೇಬೇಕು. ಅಲ್ಲೇನೂ ಇರಲಿಲ್ಲ. ಎರಡು ಸಲ, ಮೂರು ಸಲ ನೋಡಿದೆ. ಡಾಕ್ಟರಿಗೆ ಹೋಗಿ, ‘ಸಾರ್, ಇದು ಬಸಿರಲ್ಲ. ಮಾತ್ರೆಯಿಂದಲೇ ಆಗಿರಬಹುದಾ?’ ಎಂದೆ.

ಸ್ಟೆತಾಸ್ಕೋಪು ಮೇಜಿನ ಮೇಲೆ ಬಿತ್ತು. ‘ಮಾತ್ರೆ ಹೋಗೋದು ಮಿದುಳಿಗೆ. ಮಿದುಳಿಗೂ ಎದೆ ಹಾಲಿಗೂ ಏನಮ್ಮ ಸಂಬಂಧ?’

ನನಗೆ ಗೊತ್ತಿರಲಿಲ್ಲ. ಆದರೆ ಇನ್ನೊಬ್ಬರನ್ನು ಕೇಳಿ ನೋಡಬಹುದು ಎಂದು ಗೊತ್ತಿತ್ತು. ಅದೇ ಮಾತ್ರೆ ನುಂಗುತ್ತಿದ್ದ ಅಂಜಿನಮ್ಮ ಎಂಬುವಳು ಪಾವಗಡದ ಹತ್ತಿರ ಒಂದು ಹಳ್ಳಿಯಲ್ಲಿದ್ದಳು. ಅವಳ ಕಿರಿಯ ಮಗುವಿಗೇ ಹತ್ತು ವರ್ಷ. ನನ್ನ ವಾರದ ರಜೆಯಲ್ಲಿ ಬಸ್ಸು ಹತ್ತಿದೆ. ಪಾವಗಡದಲ್ಲಿಳಿದು ಬಂಡೆಗಳ ನಡುವೆ ಎರಡು ಮೈಲಿ ನಡೆದೆ. ಅಂಜಿನಮ್ಮ ಶೇಂಗಾ ಸುಲಿಯುತ್ತಾ ಕೂತಿದ್ದಳು. ಹತ್ತಿರ ಕೂತು ಮೆಲ್ಲಗೆ ಕೇಳಿದೆ. ಅವಳು ಸುತ್ತ ಒಮ್ಮೆ ನೋಡಿ ನನ್ನ ಮೊಣಕೈ ಹಿಡಿದುಕೊಂಡು, ತೆಲುಗು ಬೆರೆತ ತನ್ನ ಕನ್ನಡದಲ್ಲಿ ಹೇಳಿದಳು.

‘ಅವುನಮ್ಮಾ! ಪಾಲು ವಸ್ತಾ ಉಂದಿ. ಹತ್ತು ವರ್ಸ ಆಯ್ತು ಚಿನ್ನೋನು ಹುಟ್ಟಿ, ಈಗ ಬತ್ತೈತೆ ಹಾಲು! ಯಾರ್ತಾವ ಹೇಳಾದು? ಹೇಳಿದ್ರೆ ಪಿಚ್ಚಿ ಮಳ್ಳಿ ಬಂತು ಅಂತಾರೆ.’

ಹುಚ್ಚು ಮತ್ತೆ ಬಂತು ಅನ್ನುತ್ತಾರೆಂದು ಆ ತಾಯಿ ತಿಂಗಳುಗಟ್ಟಲೆ ಬಟ್ಟೆ ಮಡಿಸಿ ಎದೆಗಿಟ್ಟುಕೊಂಡು ಬಚ್ಚಿಟ್ಟಿದ್ದಳು. ನಾನು ಅವಳನ್ನು ತಬ್ಬಿಕೊಂಡುಬಿಟ್ಟೆ. ಯಾಕೆಂದು ಅವಳಿಗೆ ತಿಳಿಯಲಿಲ್ಲ, ನಗತೊಡಗಿದಳು. ವಾಪಸು ಬರುವ ಬಸ್ಸಿನಲ್ಲಿ ನನಗೆ ಕೂರಲು ಜಾಗ ಸಿಗಲಿಲ್ಲ. ಮಧುಗಿರಿ ತನಕ ನಿಂತೇ ಬಂದೆ, ಕಾಲು ನೋವು ಗೊತ್ತಾಗಲಿಲ್ಲ.

ಈ ಸಲ ಡಾಕ್ಟರು ಸ್ಟೆತಾಸ್ಕೋಪು ಎಸೆಯಲಿಲ್ಲ. ಬೆಂಗಳೂರಿನಲ್ಲಿದ್ದ ತಮ್ಮ ಗುರುಗಳಿಗೆ ಕಾಗದ ಬರೆದರು. ಉತ್ತರ ಬಂದಾಗ ನನ್ನನ್ನು ಕರೆದು ಓದಿ ಹೇಳಿದರು. ಬೇರೆ ಕಡೆಯ ಡಾಕ್ಟರುಗಳೂ ಇದನ್ನು ಕಂಡಿದ್ದಾರೆ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ, ಪಿಟ್ಯುಟರಿ. ಹಾಲಿನ ಹಾರ್ಮೋನು ಹೊರಡುವುದು ಅಲ್ಲಿಂದ. ಮಿದುಳು ಸದಾ ಅದಕ್ಕೆ ತಡೆ ಹಾಕಿ ಹಿಡಿದಿರುತ್ತದೆ. ಈ ಮಾತ್ರೆ ಆ ತಡೆಯನ್ನು ಸಡಿಲಿಸುತ್ತಿರಬೇಕು. ಓದಿ ಮುಗಿಸಿ, ‘ಮಿದುಳಿಗೂ ಹಾಲಿಗೂ ಸಂಬಂಧ ಇದೆಯಮ್ಮ’ ಎಂದರು. ಅವರ ಬಾಯಲ್ಲಿ ಅದೇ ಕ್ಷಮಾಪಣೆ.

ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಜೈಬುನ್ ಮತ್ತೆ ಮಾತ್ರೆ ನುಂಗಲು ಒಪ್ಪಿದಳು. ಅದರ ಪ್ರಮಾಣ ಸ್ವಲ್ಪಸ್ವಲ್ಪವಾಗಿ ಇಳಿಸಿದೆವು. ವಾರವಾರವೂ ಯಂತ್ರ ಮಾತಾಡಿತೇ ಎಂದು ಕೇಳುತ್ತಿದ್ದೆ. ಮಾತಾಡಲಿಲ್ಲ. ಹಾಲು ಬತ್ತಿತು. ಮತ್ತೊಂದು ತಿಂಗಳಿಗೆ ಜೈಬುನ್ ಮುಟ್ಟಾದಳು. ಅವಳ ತಾಯಿ ಆ ಸುದ್ದಿ ಹೇಳಲೆಂದೇ ಸಿರಾದಿಂದ ಬಸ್ಸಿನಲ್ಲಿ ಬಂದರು.

ನಾನು ಮರುದಿನವೇ ಸಿರಾಕ್ಕೆ ಹೋದೆ. ಯಾರೂ ಕರೆದಿರಲಿಲ್ಲ. ಹಯಾತ್ ಸಾಬರ ಅಂಗಳದಲ್ಲಿ ನಿಂತು, ಗಲ್ಲಿಯ ಹೆಂಗಸರನ್ನೆಲ್ಲ ಕರೆಯಿರಿ ಎಂದೆ. ಪರದೆಯ ಹಿಂದೆ, ಬಾಗಿಲ ಸಂದಿಯಲ್ಲಿ ಒಬ್ಬೊಬ್ಬರೇ ಸೇರಿದರು. ‘ಈ ಹುಡುಗಿಗೆ ಆಗಿದ್ದು ನಾವು ಕೊಟ್ಟ ಮಾತ್ರೆಯಿಂದ. ಅದು ಗೊತ್ತಿಲ್ಲದೆ ನಾನೂ ಅನುಮಾನಪಟ್ಟೆ, ಬಾಯಿಗೆ ಬಂದಂಗೆ ಅಂದೆ. ತಪ್ಪು ನಂದು’ ಎಂದು ಗಟ್ಟಿಯಾಗಿ ಹೇಳಿದೆ. ಜೈಬುನ್ ಒಳಗಿನಿಂದ ಬಂದು ನನ್ನ ಪಕ್ಕ ನಿಂತು, ಪರದೆಯ ಕಡೆ ತಿರುಗಿ, ‘ಸುನ್ ಲಿಯಾ ನಾ ಸಬ್?’ ಎಂದಳು. ಎಲ್ಲರೂ ಕೇಳಿಸಿಕೊಂಡಿರಿ ತಾನೇ ಎಂದು. ಹಯಾತ್ ಸಾಬರು ಯಂತ್ರದ ಮೇಲೆ ತಲೆಯಿಟ್ಟು ಅತ್ತರು. ಹೆಂಗಸೊಬ್ಬಳು ಪರದೆ ಸರಿಸಿ ಬಂದು ಜೈಬುನ್‌ಳ ತಲೆ ನೇವರಿಸಿದಳು.

ಬಹಳ ವರ್ಷಗಳ ಮೇಲೆ ಒಂದು ತರಬೇತಿಯಲ್ಲಿ, ಮಿದುಳಿನಲ್ಲಿ ಸಂದೇಶ ಒಯ್ಯುವ ಡೋಪಮೈನ್ ಎಂಬುದರ ಹೆಸರು ಕೇಳಿದೆ. ಮಿದುಳಿನ ಒಂದು ಭಾಗದಲ್ಲಿ ಅದರ ಸಂದೇಶ ಮಿತಿಮೀರುವುದಕ್ಕೂ ಇಲ್ಲದ ದನಿ ಕೇಳುವುದಕ್ಕೂ ನಂಟಿದೆ, ಇನ್ನೊಂದು ಭಾಗದಲ್ಲಿ ಅದೇ ಸಂದೇಶ ಹಾಲಿನ ಹಾರ್ಮೋನನ್ನು ತಡೆದು ಹಿಡಿದಿರುತ್ತದೆ, ನಮ್ಮ ಮಾತ್ರೆ ಎರಡು ಕಡೆಯೂ ಅದನ್ನು ಅಡ್ಡಗಟ್ಟುತ್ತಿತ್ತು ಎಂದು ವಿವರಿಸಿದರು. ಸ್ಕಿಜೋಫ್ರೇನಿಯಾಕ್ಕೆ ಅದೊಂದೇ ಕಾರಣವೆಂದು ಯಾರೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಆದರೆ ನಾನು ಕೂತಲ್ಲೇ ಪಾವಗಡದ ಶೇಂಗಾ ರಾಶಿಯ ಮುಂದಿದ್ದೆ. ಪಕ್ಕದವರು ಯಾಕೆ ನಗುತ್ತೀರಿ ಎಂದು ಕೇಳಿದರು.

ಜೈಬುನ್‌ಳ ನಂತರ ಡಾಕ್ಟರು ನಮ್ಮ ರೋಗಿಗಳ ಹಾಳೆಯಲ್ಲಿ ಎರಡು ಪ್ರಶ್ನೆ ಸೇರಿಸಿದರು. ಹೆಂಗಸಾದರೆ ಮುಟ್ಟು ಹೇಗಿದೆ, ಹಾಲು ಹೇಗಿದೆ. ಕಾಯಿಲೆ ಏನೇ ಇರಲಿ, ಕೇಳಲೇಬೇಕು. ಕೇಳಬೇಕಾದವಳು ನಾನು. ಎರಡು ವರ್ಷ ಬಿಡದೆ ಕೇಳಿದೆ. ಒಂದು ದಿನ ಬಿಟ್ಟೆ.

ಅರವತ್ತರ ದಶಕದ ಒಂದು ಏಪ್ರಿಲ್. ಮಧುಗಿರಿಯ ಬಂಡೆ ಕಾದರೆ ಊರೇ ಬಾಣಲೆ. ಅಂಥ ಮಧ್ಯಾಹ್ನ ತೋವಿನಕೆರೆ ಕಡೆಯ ಸಿದ್ದಪ್ಪ ಎಂಬ ರೈತ ತನ್ನ ಹೆಂಡತಿ ಗಂಗಮ್ಮನನ್ನು ಕರೆತಂದ. ಜೊತೆಗೆ ಅವನ ತಾಯಿ ತಿಮ್ಮಜ್ಜಿ. ಗಂಗಮ್ಮನಿಗೆ ಮೂವತ್ತಿರಬಹುದು. ಮೈಮೇಲೆ ಕರೀ ಕಂಬಳಿ. ಬಿಳಿಚಿದ ಮುಖ, ಅಲ್ಲಲ್ಲಿ ಉದುರಿದ ಹುಬ್ಬು, ಒಡೆದ ಗಂಟಲು, ಒಂದು ಮಾತಿಗೂ ಮತ್ತೊಂದು ಮಾತಿಗೂ ನಡುವೆ ನಾವು ಒಂದು ಕೆಲಸ ಮುಗಿಸಬಹುದು, ಅಷ್ಟು ನಿಧಾನ.

‘ಬಾವಿ ಒಳಗಿಂದ ಅವ್ವ ಕರೀತಾಳೆ ಅಂತಾಳೆ ಕಣಮ್ಮ’ ಎಂದ ಸಿದ್ದಪ್ಪ. ‘ಅವ್ರವ್ವ ಸತ್ತು ಎಂಟು ವರ್ಸ ಆಯ್ತು. ಎಲ್ಡು ದಪ ಬಾವಿ ಕಟ್ಟೆ ಹತ್ತಿದ್ಲು, ನಾನೇ ಹಿಡ್ಕಂಡೆ. ನಾನು ಹೊಲುಕ್ಕೋದಾಗ ಏನ್ ಮಾಡ್ಲಿ?’

ಇಷ್ಟು ಹೊತ್ತಿಗೆ ನಮಗೆ ಮಾತ್ರೆಯ ಮೇಲೆ ಬಹಳ ಧೈರ್ಯ ಬಂದಿತ್ತು. ಡಾಕ್ಟರು ಸ್ಕಿಜೋಫ್ರೇನಿಯಾ ಎಂದು ಬರೆದು, ಬಾವಿಯ ಭಯ ಇದ್ದದ್ದರಿಂದ ಮಾತ್ರೆಗೆ ಕಾಯದೆ ಅದೇ ಔಷಧದ ಇಂಜೆಕ್ಷನ್ ಬರೆದರು. ನಾನೇ ಚುಚ್ಚಿದೆ. ತಿಮ್ಮಜ್ಜಿ ನೀರು ಕುಡಿಯಲು ಹೊರಗೆ ಹೋಗಿದ್ದಳು, ಗಂಗಮ್ಮ ಮಾತಾಡುತ್ತಿರಲಿಲ್ಲ. ಹಾಳೆಯ ಎರಡು ಪ್ರಶ್ನೆಗಳ ಮುಂದೆ ಖಾಲಿ ಬಿಟ್ಟೆ.

ಒಂದು ಗಂಟೆಯಲ್ಲಿ ಗಂಗಮ್ಮ ಕರೆದರೆ ಓಗೊಡದಂತಾದಳು. ಕೈ ಮುಟ್ಟಿದರೆ ಬಾವಿ ನೀರಿನಷ್ಟು ತಣ್ಣಗೆ. ಥರ್ಮಾಮೀಟರ್ ಇಟ್ಟೆ, ಪಾದರಸ ಕೆಳಗಿನ ಗೆರೆಯನ್ನೂ ಮುಟ್ಟಲಿಲ್ಲ. ಕೆಟ್ಟಿದೆಯೆಂದು ಇನ್ನೊಂದು ತಂದೆ, ಅದೂ ಹಾಗೇ. ರಕ್ತದೊತ್ತಡ ಅಳತೆಗೇ ಸಿಗುತ್ತಿರಲಿಲ್ಲ. ಹೊರಗೆ ಕಾಗೆಗಳು ಬಾಯಿ ತೆರೆದು ಕೂತಿದ್ದ ಆ ಬಿಸಿಲಿನಲ್ಲಿ ನಾವು ಇಟ್ಟಿಗೆ ಕಾಯಿಸಿ ಬಟ್ಟೆ ಸುತ್ತಿ ಅವಳ ಸುತ್ತ ಇಡುತ್ತಿದ್ದೆವು. ಡಾಕ್ಟರು ತಾವೇ ಗ್ಲೂಕೋಸ್ ಸಲೈನ್ ಏರಿಸಿ, ನಾಡಿ ಹಿಡಿದು ಮಂಡಿಯೂರಿ ಕೂತರು.

ಹಾಳೆಯ ಖಾಲಿ ಜಾಗ ಆಗ ನನ್ನ ಕಣ್ಣಿಗೆ ಬಿತ್ತು. ಓಡಿಹೋಗಿ ತಿಮ್ಮಜ್ಜಿಯ ಮುಂದೆ ಕೂತೆ. ‘ಅಜ್ಜಿ, ಇವಳಿಗೆ ಮಗು ಆದಾಗ ಹಾಲು ಬಂತಾ?’

‘ಒಂದ್ ತೊಟ್ಟೂ ಬರ್ನಿಲ್ಲ ಕಣವ್ವ. ಮಗೀನ ಎಮ್ಮೆ ಹಾಲಾಕಿ ನಾನೇ ಸಾಕ್ದೆ. ಹೆತ್ತ ದಿನ ಏನ್ ರಕ್ತ ಅಂತೀಯಾ, ಹಾಸಿದ್ದ ಗೋಣಿಚೀಲೆಲ್ಲ ತೊಯ್ದೋಯ್ತು. ಸತ್ಲು ಅಂದ್ಕಂಡೊ. ಬದುಕ್ದೋಳು ಅವತ್ತಿಂದ ಇಂಗೇ, ಬೆಂಕಿ ಮುಂದೆ ಕೂತ್ರೆ ಏಳಾಕಿಲ್ಲ.’

‘ಮುಟ್ಟು?’

‘ಅವತ್ತಿಂದ ಇಲ್ಲ. ಐದು ವರ್ಸ ಆಯ್ತು. ಬಸ್ರಿ ಅಂದ್ಕಂಡೊ, ಆಮೇಕೆ ಕೇಳಾದೇ ಬುಟ್ಬುಟ್ಟೊ.’

ನಾನು ಒಳಗೆ ಹೋಗಿ ಹೇಳಿದೆ, ‘ಸಾರ್, ಜೈಬುನ್‌ಗೆ ಹೆರದೇ ಹಾಲು ಬಂತು. ಇವಳಿಗೆ ಹೆತ್ತರೂ ಬಂದಿಲ್ಲ. ಆ ಗ್ರಂಥಿನೇ ಹೋಗಿದೆಯೇನೋ.’ ಡಾಕ್ಟರು ನನ್ನನ್ನೇ ನೋಡಿದರು. ಎದ್ದು ತಮ್ಮ ಕೋಣೆಯಿಂದ ದಪ್ಪ ಪುಸ್ತಕ ತಂದು ಹಾಸಿಗೆಯ ಪಕ್ಕದಲ್ಲೇ ತೆರೆದರು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದರೆ ಆ ಕಡಲೆಕಾಳಿಗೆ ರಕ್ತ ಸಿಗದೆ ಅದು ಸಾಯಬಹುದು. ಅಲ್ಲಿಂದ ಹೊರಡುವ ಅಪ್ಪಣೆಗಳೆಲ್ಲ ನಿಲ್ಲುತ್ತವೆ. ಹಾಲಿಲ್ಲ, ಮುಟ್ಟಿಲ್ಲ, ಮೈಗೆ ಕಾವಿಲ್ಲ. ಕೆಲವರಿಗೆ ಬುದ್ಧಿಯೂ ಕದಡಿ ಇಲ್ಲದ ದನಿಗಳು ಕೇಳುತ್ತವೆ. ಗಂಗಮ್ಮನಿಗಿದ್ದದ್ದು ಸ್ಕಿಜೋಫ್ರೇನಿಯಾ ಅಲ್ಲವೇ ಅಲ್ಲ. ಅಂಥವರಿಗೆ ನಮ್ಮ ಇಂಜೆಕ್ಷನ್ ಕೊಟ್ಟರೆ ಮೈ ಇನ್ನೂ ತಣ್ಣಗಾಗುತ್ತದೆ. ಅದನ್ನೇ ನಾವು ಮಾಡಿದ್ದು.

ಮೈಗೆ ಕಾವು ಬರಲೆಂದು ನಾನು ಬೀರುವಿನಿಂದ ಥೈರಾಯ್ಡ್ ಮಾತ್ರೆ ತೆಗೆದೆ. ಡಾಕ್ಟರು ನನ್ನ ಮಣಿಕಟ್ಟು ಹಿಡಿದರು. ‘ಮೊದಲು ಕಾರ್ಟಿಸೋನ್. ಇದನ್ನ ಮೊದಲು ಕೊಟ್ಟರೆ ಹೋಗಿಬಿಡ್ತಾಳೆ.’ ಆ ಗ್ರಂಥಿಯ ಅಪ್ಪಣೆ ನಿಂತಾಗ ಮೈಯಲ್ಲಿ ಇಲ್ಲವಾಗುವ, ಜೀವ ಹಿಡಿದಿಡುವ ಹಾರ್ಮೋನು ಅದು. ನಮ್ಮಲ್ಲಿರಲಿಲ್ಲ. ತುಮಕೂರಿನ ಔಷಧದಂಗಡಿಗೆ ಫೋನ್ ಹೋಯಿತು. ಕೊರಟಗೆರೆ ಮೇಲೆ ಬರುವ ಬಸ್ಸಿನ ಕಂಡಕ್ಟರು ಪೊಟ್ಟಣವನ್ನು ಚೀಲದಲ್ಲಿಟ್ಟುಕೊಂಡು ತಂದ. ಸ್ಟ್ಯಾಂಡಿಗೆ ಹೋಗದೆ, ಬಸ್ಸನ್ನು ಜನರ ಸಮೇತ ಆಸ್ಪತ್ರೆ ಗೇಟಿಗೇ ತಂದು ನಿಲ್ಲಿಸಿದ. ಪ್ರಯಾಣಿಕರಲ್ಲಿ ಒಬ್ಬರೂ ಗೊಣಗಲಿಲ್ಲ. ಕೆಲವರು ಇಳಿದು ಬಂದು ಕಿಟಕಿಯ ಹೊರಗೆ ನಿಂತರು.

ಕಾರ್ಟಿಸೋನ್ ಕೊಟ್ಟ ಎರಡನೇ ದಿನ ಪಾದರಸ ಮೊದಲ ಗೆರೆ ದಾಟಿತು. ನಾನು ಥರ್ಮಾಮೀಟರನ್ನು ಡಾಕ್ಟರ ಕೋಣೆಗೆ ಓಡಿಕೊಂಡೇ ಒಯ್ದು ತೋರಿಸಿದೆ. ನಾಲ್ಕನೇ ದಿನ ಗಂಗಮ್ಮ ಕಂಬಳಿಯನ್ನು ಕಾಲಲ್ಲಿ ಒದ್ದು, ‘ಏನ್ ಶಕೆ ಕಣಮ್ಮ ಇದು! ಈ ಬ್ಯಾಸ್ಗೇಲಿ ಯಾರ್ ಇದ್ನ ಹೊದ್ಸಿದ್ದು?’ ಎಂದಳು. ವಾರ್ಡಿನಲ್ಲಿದ್ದವರೆಲ್ಲ ನಕ್ಕುಬಿಟ್ಟೆವು. ಕಾಲು ಮುರಿದು ಮಲಗಿದ್ದ ಮುದುಕ ಚಪ್ಪಾಳೆ ಹೊಡೆದ. ಆಮೇಲೆ ಥೈರಾಯ್ಡ್ ಮಾತ್ರೆಯೂ ಸೇರಿತು. ಒಡೆದ ಗಂಟಲು ತಿಳಿಯಾಯಿತು, ಮಾತು ಚುರುಕಾಯಿತು. ಒಂದು ತಿಂಗಳಿಗೆ, ಬಾವಿಯಿಂದ ಅವ್ವ ಕರೆಯುತ್ತಾಳಾ ಎಂದು ಕೇಳಿದೆ. ‘ಅವ್ವ ಸತ್ತು ಏಸೋ ಕಾಲ ಆಯ್ತಲ್ಲ, ಹೆಂಗೆ ಕರ್ದಾಳು?’ ಎಂದು ನನ್ನನ್ನೇ ಅನುಮಾನದಿಂದ ನೋಡಿದಳು. ಮಗನನ್ನು ಕರೆತಂದಾಗ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಇಷ್ಟುದ್ದ ಯಾವಾಗ್ಲಾ ಆದೆ?’ ಎಂದಳು.

ಅವರು ಮನೆಗೆ ಹೊರಡುವ ದಿನ ಡಾಕ್ಟರು ಸಿದ್ದಪ್ಪನನ್ನು ಕೂರಿಸಿಕೊಂಡು, ‘ಮೊದಲ ದಿನ ನಾನು ಕೊಡಿಸಿದ ಇಂಜೆಕ್ಷನ್ ತಪ್ಪು. ಅವಳು ಸಾಯುತ್ತಿದ್ದಳು’ ಎಂದರು. ಹೇಳದಿದ್ದರೆ ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಸಿದ್ದಪ್ಪ, ‘ಬುಡಿ ಸ್ವಾಮಿ. ಐದು ವರ್ಸ ನಾವ್ ಮಂತ್ರ ಹಾಕ್ಸಿದ್ವಿ, ಬೂದಿ ಹಚ್ಚುದ್ವಿ. ಯಾರೂ ತಪ್ಪಾಯ್ತು ಅನ್ನಿಲ್ಲ’ ಎಂದ. ನಾನು ನಲವತ್ತು ವರ್ಷದ ಹತ್ತಿರ ಕೆಲಸ ಮಾಡಿದೆ, ಹಲವು ಮೇಲಧಿಕಾರಿಗಳನ್ನು ಕಂಡೆ. ಅವರಲ್ಲಿ ನಾಗಭೂಷಣ ಅವರಿಗೆ ಮಾತ್ರ ನಾನು ಮನಸಾರೆ ನಮಸ್ಕಾರ ಮಾಡುತ್ತಿದ್ದೆ.

ಕಾರ್ಟಿಸೋನ್, ಥೈರಾಯ್ಡ್ ಎರಡನ್ನೂ ಬದುಕಿರುವ ತನಕ ಬಿಡಬಾರದು ಎಂದು ಗಂಗಮ್ಮನಿಗೆ ಹೇಳಿದ್ದೆವು. ಅವಳು ಬಿಡಲಿಲ್ಲ. ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಹೀಗಾದದ್ದು ಹೆರಿಗೆಯ ದಿನ ರಕ್ತ ಹೋದದ್ದರಿಂದ ಎಂದು ನಾನು ಅವಳಿಗೆ ಬಿಡಿಸಿ ಹೇಳಿದ್ದೆ. ಮುಂದಿನ ವರ್ಷ ಒಂದು ಬೆಳಿಗ್ಗೆ ಗೇಟಿನಲ್ಲಿ ಗಲಾಟೆ. ನೋಡಿದರೆ ಗಂಗಮ್ಮ. ತುಂಬಿದ ಬಸುರಿಯೊಬ್ಬಳ ರೆಟ್ಟೆ ಹಿಡಿದು ತರುತ್ತಿದ್ದಾಳೆ. ಹಿಂದೆ ಆ ಹುಡುಗಿಯ ಅತ್ತೆ ಬೈಯುತ್ತಾ ಬರುತ್ತಿದ್ದಾಳೆ, ‘ನಮ್ಮನೇಲಿ ಯಾರೂ ಆಸ್ಪತ್ರೇಲಿ ಹೆತ್ತಿಲ್ಲ ಕಣೇ!’

‘ನಂಗಾದಂಗೆ ಇವ್ಳಿಗೂ ಆಗ್ಬೇಕಾ? ಐದು ವರ್ಸ ನನ್ ಮಗನ ಮಕ ನಂಗೆ ಗೊತ್ತಿರ್ನಿಲ್ಲ. ನೀನು ಬಯ್ಯಂಗಿದ್ರೆ ಬಯ್ಯಿ, ಇವ್ಳು ಇಲ್ಲೇ ಹೆರ್ಲಿ’ ಎಂದು ಗಂಗಮ್ಮ ಆ ಹುಡುಗಿಯನ್ನು ಸೀದಾ ಹೆರಿಗೆ ಕೋಣೆಗೇ ನುಗ್ಗಿಸಿದಳು.

ಆ ಹುಡುಗಿಗೂ ರಕ್ತ ಹೆಚ್ಚೇ ಹೋಯಿತು. ಆದರೆ ರಕ್ತ ನಿಲ್ಲಿಸುವ ಇಂಜೆಕ್ಷನ್ ಕೈಯಲ್ಲಿತ್ತು, ನಾನಿದ್ದೆ, ಹತ್ತು ನಿಮಿಷದಲ್ಲಿ ನಿಂತಿತು. ಬೈಯುತ್ತಿದ್ದ ಅತ್ತೆ ಹೊರಗೆ ಗಂಗಮ್ಮನ ಕೈ ಹಿಡಿದುಕೊಂಡು ಕೂತಿದ್ದಳು.

ಅಲ್ಲಿಂದ ಮುಂದೆ ಗಂಗಮ್ಮ ಎರಡು ಮೂರು ತಿಂಗಳಿಗೊಬ್ಬಳನ್ನು ಕರೆತರುತ್ತಿದ್ದಳು. ಒಂದು ಸಲ ಇಬ್ಬರನ್ನು ಒಟ್ಟಿಗೆ ತಂದಳು. ಕೋಣೆಯಲ್ಲಿ ಇದ್ದದ್ದು ಒಂದೇ ಮಂಚ. ಡಾಕ್ಟರು ಬಂದು ನೋಡಿ, ‘ಏನಮ್ಮ ಇದು, ಎಲ್ಲಿ ಮಲಗಿಸೋದು?’ ಎಂದರು. ಗಂಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, ‘ನಾನು ಕರ್ಕಂಬರೋದು ಬುಡಲ್ಲ ಸ್ವಾಮಿ. ನೀವು ಮಂಚ ಹಾಕ್ಸಿ’ ಎಂದಳು.

ಹಾಕಿಸಿದರು. ಮೂರು ಹೊಸ ಮಂಚ.